ಹಳಿ ಹೋದ ಮೇಲೆ ಉಳಿದ ಸೇತುವೆ



ಬೆಟ್ಟ ಸೀಳಿ ಹಳಿ ಹಾಕುವ, ಕಲ್ಲು ಒಡೆಯುವ ಯೋಜನೆ ಬಂದಾಗಲೆಲ್ಲ ಸಮಾಧಾನದ ಮಾತೊಂದು ಅದರ ಬೆನ್ನಿಗೇ ಬರುತ್ತದೆ: ಕಾಲ ಕಳೆದಂತೆ ಗಾಯ ಮಾಯುತ್ತದೆ, ಹಸಿರು ಮರಳುತ್ತದೆ. ಈ ಮಾತು ಎಷ್ಟು ನಿಜವೆಂಬುದನ್ನು ಅರಿಯಲು ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಮಾನ್ಸಲ್ ಕಣಿವೆಯ ಚರಿತ್ರೆಯನ್ನು ನೋಡಬೇಕು.

ವೈ ಎಂಬ ನದಿ ಸುಣ್ಣಕಲ್ಲಿನ ಗುಡ್ಡಗಳನ್ನು ಕೊರೆದು ಮಾಡಿದ ಕಣಿವೆ ಅದು. ಪಕ್ಕದ ಫಿನ್ ಕಾಪ್ ಗುಡ್ಡದ ನೆತ್ತಿಯಲ್ಲಿ ಕಬ್ಬಿಣಯುಗದ ಕೋಟೆಯ ಕುರುಹುಗಳಿವೆ. 1863ರಲ್ಲಿ ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ ಇಲ್ಲಿ ಐದು ಕಮಾನುಗಳ ಕಲ್ಲಿನ ಸೇತುವೆಯನ್ನು ಕಟ್ಟಿ, ಅದರ ತುದಿಯಲ್ಲೇ 487 ಮೀಟರ್ ಉದ್ದದ ಹೆಡ್‌ಸ್ಟೋನ್ ಸುರಂಗವನ್ನು ಕೊರೆಯಿತು.

ಇದನ್ನು ಕಟುವಾಗಿ ಖಂಡಿಸಿದವರು ಚಿಂತಕ ಜಾನ್ ರಸ್ಕಿನ್. ಬಕ್ಸ್‌ಟನ್ನಿನ ಜನ ಅರ್ಧ ಗಂಟೆಯಲ್ಲಿ ಬೇಕ್‌ವೆಲ್ ಸೇರುವ ಅನುಕೂಲಕ್ಕಾಗಿ ದಿವ್ಯವಾದ ಕಣಿವೆಯೊಂದನ್ನು ಬಲಿ ಕೊಡಲಾಯಿತೆಂಬುದು ಅವರ ಆಕ್ಷೇಪ. ಗಾಂಧೀಜಿಯವರು 1908ರಲ್ಲಿ 'ಸರ್ವೋದಯ' ಎಂಬ ಹೆಸರಿನಲ್ಲಿ ಗುಜರಾತಿಗೆ ತಂದದ್ದು ಇದೇ ರಸ್ಕಿನ್ನರ ಕೃತಿಯನ್ನು. 1904ರಲ್ಲಿ ಗಾಂಧೀಜಿ ಅದನ್ನು ಓದಿದ್ದು ಮಾತ್ರ ರೈಲಿನಲ್ಲಿ!

ರೈಲು ಬರುವ ಮುನ್ನ ಕಣಿವೆ ಕಳಂಕರಹಿತವಾಗಿತ್ತೆಂದೂ ಹೇಳಲಾಗದು. ಅದೇ ನದಿಯ ನೀರಿನ ಬಲದಿಂದ ಸಮೀಪದ ಕ್ರೆಸ್‌ಬ್ರೂಕ್ ಮತ್ತು ಲಿಟನ್ ಹತ್ತಿ ಗಿರಣಿಗಳು ನಡೆಯುತ್ತಿದ್ದವು. ಲಿಟನ್ ಗಿರಣಿಯಲ್ಲಿ ಅನಾಥ ಮಕ್ಕಳನ್ನು ಕ್ರೂರವಾಗಿ ದುಡಿಸಿದ ಬಗೆಯನ್ನು ರಾಬರ್ಟ್ ಬ್ಲಿಂಕೋ ಎಂಬ ಬಾಲಕಾರ್ಮಿಕನ ಜೀವನಕಥೆ ಲೋಕಕ್ಕೆ ತಿಳಿಸಿತು.

ಮೋಟಾರು ವಾಹನಗಳ ಭರಾಟೆಯಲ್ಲಿ ಬ್ರಿಟನ್ನಿನ ಅನೇಕ ರೈಲುಮಾರ್ಗಗಳು ಮುಚ್ಚಿದವು. 1968ರಲ್ಲಿ ಈ ಮಾರ್ಗವೂ ಮುಚ್ಚಿತು. ಆದರೆ ರಸ್ಕಿನ್ ಹಳಿದ ಸೇತುವೆಯನ್ನು ಯಾರೂ ಕೆಡವಲಿಲ್ಲ. 1970ರಲ್ಲಿ ಅದು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. 1981ರಲ್ಲಿ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಆಡಳಿತವು ಹಳಿಯ ಜಾಡನ್ನು ಕಾಲುದಾರಿಯಾಗಿ ತೆರೆಯಿತು. ಸುರಕ್ಷತೆಯ ಕಾರಣದಿಂದ ಮುಚ್ಚಿದ್ದ ನಾಲ್ಕು ದೊಡ್ಡ ಸುರಂಗಗಳು ದುರಸ್ತಿಯಾಗಿ 2011ರಲ್ಲಿ ತೆರೆದವು. ಸುಮಾರು 14 ಕಿಲೋಮೀಟರ್ ಉದ್ದದ ಈ ದಾರಿಯಲ್ಲಿ ಈಗ ಪಾದಚಾರಿಗಳೂ ಸೈಕಲ್ ಸವಾರರೂ ಗಾಲಿಕುರ್ಚಿಯವರೂ ಸಾಗುತ್ತಾರೆ. ಬಂಡೆ ಸೀಳಿದ ಎಡೆಗಳಲ್ಲಿ ಕಾಡುಹೂಗಳು ಅರಳುತ್ತವೆ.

ಹಾಗಾದರೆ ಸಮಾಧಾನದ ಮಾತೇ ನಿಜವಾಯಿತೇ? ಇಲ್ಲ. ಅಲ್ಲಿ ಹಸಿರು ಮರಳಿದ್ದಕ್ಕೆ ಕಾರಣಗಳಿವೆ. ಹಳಿ ಆಕ್ರಮಿಸಿದ್ದು ಕಿರಿದಾದ ಪಟ್ಟಿಯನ್ನು. ನದಿಯ ಹರಿವು ಉಳಿದಿತ್ತು. 1951ರಲ್ಲೇ ಆ ಪ್ರದೇಶ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿತ್ತು. ಹಳಿ ಹೋದ ನೆಲ ಸಾರ್ವಜನಿಕರ ಕೈಗೆ ಬಂತು. ಅದೇ ಮಾರ್ಗದ ಇನ್ನೊಂದು ಭಾಗದಲ್ಲಿ, ಬಕ್ಸ್‌ಟನ್ನಿನ ಬಳಿ, ಟನ್‌ಸ್ಟೆಡ್ ಗಣಿಯ ಸುಣ್ಣಕಲ್ಲನ್ನು ರೈಲುಗಳು ಇಂದಿಗೂ ಹೊರುತ್ತಿವೆ. ಒಡೆದು ಸಾಗಿಸಿದ ಗುಡ್ಡ ನೂರು ವರ್ಷ ಕಾದರೂ ಮರಳಿ ಬರುವುದಿಲ್ಲ.

ಸೇತುವೆ ಕಟ್ಟಿದ ವರ್ಷಕ್ಕೂ ಅದರ ಮೇಲೆ ಕಾಲುದಾರಿ ತೆರೆದ ವರ್ಷಕ್ಕೂ ನಡುವೆ 118 ವರ್ಷಗಳ ಅಂತರವಿದೆ. ಆದ್ದರಿಂದ ಯೋಜನೆಯ ಕಡತ ಹಳ್ಳಿಗೆ ಬಂದ ದಿನವೇ ಗ್ರಾಮಸಭೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಹೊಳೆಯ ಹರಿವು ಉಳಿಯುವುದೇ? ಕೆಲಸ ಮುಗಿದ ಮೇಲೆ ನೆಲ ಯಾರದು? ಗುಡ್ಡ ಗುಡ್ಡವಾಗಿಯೇ ಇರುವುದೇ? ಉತ್ತರ ಬರೆದು ಕೊಡುವವರೆಗೆ ಒಪ್ಪಿಗೆಯ ಸಹಿ ಬೀಳಬಾರದು.