ನಾಲ್ಕು ಮೈಕು, ಒಂದು ವೇದಿಕೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಓದಿ ಡಾಕ್ಟರಾದವರಿದ್ದಾರೆ, ತಹಸೀಲ್ದಾರರಾದವರಿದ್ದಾರೆ. ನಾನು ಮೈಕ್‌ಸೆಟ್ಟಿನವನು. ಮದುವೆ, ಜಾತ್ರೆ, ನಾಟಕ, ರಾಜ್ಯೋತ್ಸವ, ಎಲ್ಲಕ್ಕೂ ಧ್ವನಿವರ್ಧಕ ಹಾಕಿ ಬದುಕಿದವನು. ನಮ್ಮ ಸಂಘದವರು ಶಾಲೆಗೆ ನಾಲ್ಕು ವೈರ್‌ಲೆಸ್ ಮೈಕು ಕೊಡುತ್ತಿದ್ದಾರೆ, ಅದರ ಬಗ್ಗೆಯೇ ನಾಲ್ಕು ಮಾತಾಡಿ ಅಂತ ಮುಖ್ಯೋಪಾಧ್ಯಾಯರು ಹೇಳಿದರು. ಮೈಕು ಕೊಡುವುದು ಸುಲಭ. ನಾಲ್ಕೂ ಒಂದೇ ವೇದಿಕೆಯ ಮೇಲೆ ಜಗಳವಾಡದ ಹಾಗೆ ನೋಡಿಕೊಳ್ಳುವುದು ಬೇರೆ ಕೆಲಸ.

ವಾರ್ಷಿಕೋತ್ಸವಗಳಲ್ಲಿ ನಾನು ಮತ್ತೆ ಮತ್ತೆ ನೋಡಿರುವುದು ಇದು. ಎಂಟನೇ ತರಗತಿಯ ಹುಡುಗಿ ತಿಂಗಳಿಡೀ ಬಾಯಿಪಾಠ ಮಾಡಿ ಬಂದಿರುತ್ತಾಳೆ. ಎರಡನೇ ವಾಕ್ಯಕ್ಕೆ ಮೈಕು ಬುಸ್ ಎನ್ನುತ್ತದೆ. ಸಭೆ ನಗುತ್ತದೆ. "ಜೋರಾಗಿ ಮಾತಾಡಮ್ಮ" ಅಂತ ಯಾರೋ ಕೂಗುತ್ತಾರೆ. ಆ ಮಗು ತನ್ನ ದನಿಯೇ ಸರಿಯಿಲ್ಲ ಎಂದುಕೊಂಡು ಕೆಳಗಿಳಿಯುತ್ತದೆ, ಮುಂದಿನ ವರ್ಷ ಹೆಸರು ಕೊಡುವುದಿಲ್ಲ. ತಪ್ಪು ಅವಳದಲ್ಲ, ಗಾಳಿಯಲ್ಲಿ ಹೋಗುವ ಲೆಕ್ಕದ್ದು.

ಮೊದಲು ಎರಡು ಕಾಯಿಲೆಗಳನ್ನು ಬೇರೆ ಮಾಡಿಕೊಳ್ಳೋಣ. ಕುಂಯ್ ಅಂತ ಕಿರುಚುವುದು ರೇಡಿಯೋ ತೊಂದರೆಯಲ್ಲ. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತು ಹೊಡೆಯುವುದು ಅದು. ವೈರಿನ ಮೈಕಿಗೂ ಬರುತ್ತದೆ. ಸ್ಪೀಕರನ್ನು ಮುಂದೆ ಸರಿಸಿದರೆ ಹೋಗುತ್ತದೆ. ಬುಸ್ ಎನ್ನುವುದು, ಮಾತು ತುಂಡಾಗುವುದು, ಬೇರೆಯವರ ದನಿ ಬರುವುದು, ಇದು ರೇಡಿಯೋ ಕಾಯಿಲೆ.

ವೈರ್‌ಲೆಸ್ ಮೈಕು ಅಂದರೆ ಅಂಗೈಯಲ್ಲಿ ಹಿಡಿಯುವ ಒಂದು ಬಾನುಲಿ ಕೇಂದ್ರ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್ ಎನ್ನುವುದು ಹಿರಿಯರ ಕಿವಿಯಲ್ಲಿ ಇನ್ನೂ ಇರಬೇಕು. ನಮ್ಮ ಮೈಕು 612 ಮೆಗಾಹರ್ಟ್ಸಿನಲ್ಲಿ ಇದ್ದರೆ ಅದಕ್ಕಿಂತ ಸಾವಿರ ಪಟ್ಟು ಹೆಚ್ಚಿನ ಆವೃತ್ತಿ. ಅಲ್ಲಿ ತರಂಗದೂರ ಸುಮಾರು 490 ಮೀಟರ್, ಇಲ್ಲಿ 49 ಸೆಂಟಿಮೀಟರ್. ಅದಕ್ಕೇ ಇದರ ಆಂಟೆನಾ ಗೇಣುದ್ದವೂ ಇರುವುದಿಲ್ಲ.

ರಾತ್ರಿ ಹೊತ್ತು ಮೀಡಿಯಂ ವೇವಿನಲ್ಲಿ ಎರಡು ಕೇಂದ್ರ ಒಟ್ಟಿಗೆ ಕೇಳುತ್ತಿದ್ದದ್ದು ನೆನಪಿದೆಯೇ? ವಾರ್ತೆಯ ಮೇಲೆ ಯಾವುದೋ ಹಾಡು, ನಡುವೆ ಸಿಳ್ಳೆ. ನಾವು ಸಾಮಾನ್ಯವಾಗಿ ಬಳಸುವ ಮೈಕುಗಳು ಎಫ್.ಎಂ. ಜಾತಿಯವು. ಎಫ್.ಎಂ. ರಿಸೀವರು ಒಂದೇ ಆವೃತ್ತಿಯಲ್ಲಿ ಎರಡು ಬಂದರೆ ಬೆರೆಸಿ ಕೊಡುವುದಿಲ್ಲ. ಜೋರಾಗಿರುವುದನ್ನು ಹಿಡಿದು ಇನ್ನೊಂದನ್ನು ಒತ್ತಿಬಿಡುತ್ತದೆ. ಎರಡೂ ಸಮಸಮ ಇದ್ದರೆ ಅತ್ತ ಒಮ್ಮೆ ಇತ್ತ ಒಮ್ಮೆ ಜಿಗಿಯುತ್ತದೆ. ಜಾತ್ರೆಯಲ್ಲಿ ಎರಡು ಪೆಂಡಾಲಿನವರು ಒಂದೇ ಆವೃತ್ತಿಯ ಅಗ್ಗದ ಮೈಕು ತಂದರೆ, ನಾಟಕದ ಸ್ಪೀಕರಿನಲ್ಲಿ ಭಜನೆ ಕೇಳುವುದು ಹೀಗೆ.

ಇದಂತೂ ಎಲ್ಲರಿಗೂ ಅರ್ಥವಾಗುತ್ತದೆ. ಕಷ್ಟವಿರುವುದು ಮುಂದಿನದರಲ್ಲಿ. "ನಾಲ್ಕಕ್ಕೂ ಬೇರೆ ಬೇರೆ ಆವೃತ್ತಿ ಇಟ್ಟಿದ್ದೇನೆ, ಆದರೂ ಗಲಾಟೆ" ಅಂತ ಹುಡುಗರು ಫೋನ್ ಮಾಡುತ್ತಾರೆ. ಏನಿಟ್ಟಿದ್ದೀಯಪ್ಪಾ ಅಂದರೆ 600, 601, 602, 603 ಎನ್ನುತ್ತಾರೆ. ನೋಡಲು ಅಚ್ಚುಕಟ್ಟು. ರೋಗವೂ ಅದೇ.

ಎರಡು ಮೈಕುಗಳನ್ನು ಪಕ್ಕಪಕ್ಕ ಇಟ್ಟಾಗ, ಅಥವಾ ರಿಸೀವರಿಗೆ ಎರಡು ಸಿಗ್ನಲ್ ತೀರಾ ಜೋರಾಗಿ ಹೊಕ್ಕಾಗ, ಒಳಗಿನ ಸರ್ಕಿಟ್ಟಿನಲ್ಲಿ ಅವು ಬೆರೆತು ಯಾರೂ ಕಳುಹಿಸದ ಹೊಸ ಆವೃತ್ತಿಗಳು ಹುಟ್ಟುತ್ತವೆ. ಲೆಕ್ಕ ಸುಲಭ: ಒಂದರ ಎರಡರಷ್ಟರಲ್ಲಿ ಇನ್ನೊಂದನ್ನು ಕಳೆಯಿರಿ. 601ರ ಎರಡರಷ್ಟು 1202, ಅದರಲ್ಲಿ 600 ಹೋದರೆ 602. ಅಂದರೆ ಮೊದಲ ಎರಡು ಮೈಕು ಸೇರಿ ಮೂರನೆಯದರ ಜಾಗದಲ್ಲಿ ಒಂದು ಭೂತವನ್ನು ಕೂರಿಸಿದವು. ಮೂರು ಮೈಕು ಕೂಡಿಯೂ ಇಂಥ ಭೂತ ಹುಟ್ಟುತ್ತದೆ: 600ಕ್ಕೆ 603 ಕೂಡಿಸಿ 601 ಕಳೆದರೆ ಮತ್ತೆ 602.

ಮದ್ದೂ ಲೆಕ್ಕದಲ್ಲೇ ಇದೆ. 600, 601, 604, 606 ಇಡಿ. ಯಾವ ಎರಡನ್ನು ತೆಗೆದುಕೊಂಡರೂ ಅಂತರಗಳು 1, 2, 3, 4, 5, 6. ಒಂದೂ ಎರಡು ಸಲ ಬರುವುದಿಲ್ಲ. ಅಂತರ ಮರುಕಳಿಸದಿದ್ದರೆ ಈ ಬಗೆಯ ಭೂತ ಯಾವ ಮೈಕಿನ ಮೇಲೂ ಕೂರುವುದಿಲ್ಲ. ಖಾಲಿ ಜಾಗದಲ್ಲಿ ಬಿದ್ದು ಸುಮ್ಮನಾಗುತ್ತದೆ. ಗಣಿತದವರು ಇದನ್ನು ಗೋಲೋಂಬ್ ಅಳತೆಕೋಲು ಎನ್ನುತ್ತಾರೆ. ಹತ್ತನೇ ತರಗತಿಯ ಮಕ್ಕಳೇ, ಐದನೇ ಮೈಕನ್ನು ಎಲ್ಲಿ ಇಡಬಹುದು, ಮನೆಯಲ್ಲಿ ಮಾಡಿ ನೋಡಿ. ನಿಮ್ಮ ಗಣಿತದ ಮೇಷ್ಟ್ರು ನನ್ನನ್ನು ಬೈಯುವುದಿಲ್ಲ ಅಂದುಕೊಳ್ಳುತ್ತೇನೆ.

ಒಳ್ಳೆಯ ಸೆಟ್ಟುಗಳಲ್ಲಿ ತಯಾರಕರು ಈ ಲೆಕ್ಕ ಮಾಡಿಯೇ ಗ್ರೂಪು, ಚಾನೆಲ್ಲು ಅಂತ ಕೊಟ್ಟಿರುತ್ತಾರೆ. ನಾಲ್ಕನ್ನೂ ಒಂದೇ ಗ್ರೂಪಿನಲ್ಲಿ, ಬೇರೆ ಬೇರೆ ಚಾನೆಲ್ಲಿನಲ್ಲಿ ಇಡಿ. ಇಷ್ಟವಾದ ನಂಬರು, ಅದೃಷ್ಟದ ನಂಬರು ಹುಡುಕಬೇಡಿ. ಖರೀದಿಯ ಬಗ್ಗೆ ಸಂಘದವರಿಗೆ ಒಂದು ಮಾತು: 700 ಮೆಗಾಹರ್ಟ್ಸ್ ಭಾಗ 2022ರ ಹರಾಜಿನಲ್ಲಿ 5ಜಿ ಮೊಬೈಲಿಗೆ ಹೋಗಿದೆ. ಅಗ್ಗಕ್ಕೆ ಸಿಕ್ಕಿತೆಂದು ಅಲ್ಲಿನ ಹಳೆಯ ಸೆಟ್ಟು ತಂದರೆ ಟವರಿನ ಜೊತೆ ಜಗಳವಾಡಬೇಕಾಗುತ್ತದೆ, ಗೆಲ್ಲುವುದು ಟವರು. 2.4 ಗಿಗಾಹರ್ಟ್ಸಿನ ಮೈಕಾದರೆ ವೈಫೈ ಜೊತೆ ಜಾಗ ಹಂಚಿಕೊಳ್ಳಬೇಕು. ಸಭೆಯಲ್ಲಿ ಐನೂರು ಮೊಬೈಲು ಇರುತ್ತವೆ.

ರಿಸೀವರನ್ನು ಗ್ರೀನ್‌ರೂಮಿನ ಕಬ್ಬಿಣದ ಬೀರುವಿನ ಹಿಂದೆ ಇಡಬೇಡಿ. ವೇದಿಕೆಯ ಮುಂದೆ, ಮೈಕು ಕಣ್ಣಿಗೆ ಕಾಣುವ ಹಾಗೆ, ಜನರ ತಲೆಗಿಂತ ಎತ್ತರದಲ್ಲಿ ಇಡಿ. ಈ ಆವೃತ್ತಿಯನ್ನು ಮನುಷ್ಯನ ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಕೈಮೈಕಿನ ಆಂಟೆನಾ ಸಾಮಾನ್ಯವಾಗಿ ಬುಡದಲ್ಲಿರುತ್ತದೆ. ಬುಡವನ್ನು ಮುಷ್ಟಿಯಲ್ಲಿ ಮುಚ್ಚಬೇಡಿ ಅಂತ ಮಕ್ಕಳಿಗೆ ಹೇಳಿಕೊಡಿ. ಬಳಸದ ಮೈಕುಗಳನ್ನು ಆನ್ ಮಾಡಿ ಮೇಜಿನ ಮೇಲೆ ಗುಡ್ಡೆ ಹಾಕಬೇಡಿ. ಭೂತಗಳು ಹುಟ್ಟುವುದೇ ಅಲ್ಲಿ.

ಕಾರ್ಯಕ್ರಮದ ದಿನ ಜನ ಬರುವ ಮುಂಚೆ, ಲೈಟು, ಪರದೆ, ವೈಫೈ ಎಲ್ಲ ಹಚ್ಚಿದ ಮೇಲೆ, ಒಂದು ಪರೀಕ್ಷೆ ಮಾಡಿ. ನಾಲ್ಕೂ ಮೈಕು ಆನ್ ಮಾಡಿ ನಾಲ್ಕು ಮಕ್ಕಳ ಕೈಗೆ ಕೊಟ್ಟು ಎರಡು ಮೂರು ಮಾರು ದೂರದೂರ ನಿಲ್ಲಿಸಿ. ಒಂದನೆಯದನ್ನು ಮಾತ್ರ ಆಫ್ ಮಾಡಿ. ಅದರ ರಿಸೀವರಿನ ಸಿಗ್ನಲ್ ದೀಪ ಆರಬೇಕು. ಆರದಿದ್ದರೆ ಆ ಜಾಗದಲ್ಲಿ ಬೇರೆ ಯಾರೋ ಇದ್ದಾರೆ. ಚಾನೆಲ್ ಬದಲಾಯಿಸಿ, ನಾಲ್ಕನ್ನೂ ಮತ್ತೆ ಮೊದಲಿಂದ ನೋಡಿ. ಹೀಗೆ ಒಂದೊಂದಾಗಿ ಮಾಡಲು ಹತ್ತು ನಿಮಿಷ ಸಾಕು. ಮೈಕಿನ ಹುಡುಗ ಆ ಹತ್ತು ನಿಮಿಷ ಕೇಳಿದಾಗ, ಅತಿಥಿಗಳು ಬಂದರು ಬೇಗ ಶುರು ಮಾಡು ಅಂತ ದಯವಿಟ್ಟು ಅವಸರಿಸಬೇಡಿ.