ಪಟ್ಟಿ ಮುಚ್ಚಿ ಚೆಸ್ ನೋಡೋದು

ಇವತ್ತು ಕೋಡ್ ಬಗ್ಗೆ ಮಾತಾಡಲ್ಲ, ಚೆಸ್ ಬಗ್ಗೆ ಮಾತಾಡ್ತೀನಿ. ನಾನು ದೊಡ್ಡ ಆಟಗಾರನೇನಲ್ಲ, ನೋಡುಗ ಅಷ್ಟೇ.

ನಮ್ಮಪ್ಪ ರಾಯಚೂರಿನವರು. ಸಿಕಂದರಾಬಾದಿನ ರೈಲ್ ನಿಲಯದಲ್ಲಿ ಕ್ಲಾರ್ಕ್ ಆಗಿದ್ದು ರಿಟೈರ್ ಆದರು. 2002ರಲ್ಲಿ ಆನಂದ್ ಇದೇ ಹೈದರಾಬಾದಿನಲ್ಲಿ ಫಿಡೆ ವಿಶ್ವಕಪ್ ಆಡಿ, ಫೈನಲ್‌ನಲ್ಲಿ ಕಾಸಿಮ್‌ಜಾನೊವ್‌ರನ್ನ ಸೋಲಿಸಿದರಲ್ಲ, ಆಗ ನಾನು ಹೈಸ್ಕೂಲು. ಅಪ್ಪ ಪೇಪರ್‌ನಲ್ಲಿ ಬಂದ ನಡೆಗಳನ್ನ ಮರುದಿನ ಮರದ ಬೋರ್ಡ್ ಮೇಲೆ ಒಂದೊಂದಾಗಿ ಇಡೋರು. ಅವರ ಪಾಲಿಗೆ ಲೈವ್ ಅಂದ್ರೆ ಅದೇ, ಒಂದು ದಿನ ತಡ.

ಅಮ್ಮ ಹೋದ ಮೇಲೆ ಅಪ್ಪ ನನ್ನ ಜೊತೆ ಇದ್ದಾರೆ. ಮಾತು ಕಡಿಮೆ. ಊಟ ಆಯ್ತಾ, ಆಯ್ತು. ಅಷ್ಟೇ ದಿನದ ಸಂಭಾಷಣೆ.

2024ರ ಡಿಸೆಂಬರ್ 12, ಗುರುವಾರ. ಸಿಂಗಾಪುರದಲ್ಲಿ ಗುಕೇಶ್–ಡಿಂಗ್ ಲಿರೆನ್ 14ನೇ ಆಟ. ಇಬ್ಬರದ್ದೂ 6.5. ನಮ್ಮಲ್ಲಿ ಮಧ್ಯಾಹ್ನ ಎರಡೂವರೆಗೆ ಶುರು. ನಾನು ವರ್ಕ್ ಫ್ರಮ್ ಹೋಮ್ (ಮ್ಯಾನೇಜರ್ ಇದನ್ನ ನೋಡ್ತಿದ್ರೆ, ಟಿಕೆಟ್ ಎಲ್ಲಾ ಕ್ಲೋಸ್ ಮಾಡಿದ್ದೆ). ಅಪ್ಪನ ಮುಂದೆ ಮರದ ಬೋರ್ಡ್, ನನ್ನ ಮುಂದೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆ ಕಪ್ಪು-ಬಿಳುಪಿನ ಪಟ್ಟಿ. ಎಂಜಿನ್ ಲೆಕ್ಕ ಹಾಕಿ ಯಾರು ಮೇಲು ಅಂತ ತೋರಿಸುತ್ತಲ್ಲ, ಅದು.

ಸಂಜೆ ಹೊತ್ತಿಗೆ ಇಬ್ಬರ ಹತ್ತಿರವೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದಿತ್ತು. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು, ಆದರೂ ಪಟ್ಟಿ ನಡುವೆಯೇ ನಿಂತಿತ್ತು. ಡ್ರಾ ಅಂದುಕೊಂಡೆವು. 55ನೇ ನಡೆ, ಡಿಂಗ್ ಆನೆಯನ್ನ ಎಫ್2ಗೆ ತಂದರು. ಪಟ್ಟಿ ದಡಕ್ಕನೆ ಕಪ್ಪಾಯ್ತು.

"ಸೋತ!" ಅಂತ ಕಿರುಚಿದೆ.

ಅಪ್ಪ ಆನೆಯನ್ನ ಇನ್ನೂ ಬೆರಳಲ್ಲಿ ಹಿಡ್ಕೊಂಡಿದ್ದರು. "ಯಾಕ ಸೋತ?" ಅಂದರು.

"ಎಂಜಿನ್ ತೋರಿಸ್ತಿದೆ."

"ಅದು ಬಿಡಪಾ. ನೀ ಹೇಳು, ಯಾಕ?"

ಎಂ.ಟೆಕ್ ಮಾಡಿದೀನಿ, ಸರ್ಚ್ ಅಲ್ಗಾರಿದಮ್ ಓದಿದೀನಿ. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಅಪ್ಪ ನನ್ನ ಕಡೆ ನೋಡಲೂ ಇಲ್ಲ, ಕಾಯಿ ಕೆಳಗಿಟ್ಟರು. ಆಟ ಕೆಡಿಸಿದೆ ಅಂತ ಆಗ ಗೊತ್ತಾಯ್ತು. ಲ್ಯಾಪ್‌ಟಾಪ್ ತಿರುಗಿಸಿ, ಪಟ್ಟಿ ಮೇಲೆ ಒಂದು ಸ್ಟಿಕಿ ನೋಟ್ ಅಂಟಿಸಿದೆ.

ತಮಾಷೆ ಏನಂದ್ರೆ, ಗುಕೇಶ್‌ಗೂ ತಕ್ಷಣ ಹೊಳೆದಿರಲಿಲ್ಲವಂತೆ. ಆಟ ಮುಗಿದ ಮೇಲೆ ಅವರೇ ಹೇಳಿದರು. ಅಂದರೆ ಆ ಕೆಲವು ಕ್ಷಣ, ಆಡುತ್ತಿದ್ದವನಿಗೆ ಗೊತ್ತಿಲ್ಲದ್ದು ಸೋಫಾ ಮೇಲಿದ್ದ ನನಗೆ "ಗೊತ್ತಿತ್ತು"!

ಅಪ್ಪ ನಿಧಾನಕ್ಕೆ ಬಿಡಿಸಿದರು. ಡಿಂಗ್‌ನ ಒಂಟೆ ಎ8 ಮೂಲೆಯಲ್ಲಿದೆ. ಮೂಲೆಯಲ್ಲಿರೋ ಒಂಟೆಗೆ ಓಡಾಡೋಕೆ ಒಂದೇ ಕರ್ಣ. ಆನೆಗಳು ಬದಲಾದ ಮೇಲೆ ಕಪ್ಪು ಒಂಟೆ ಆ ಕರ್ಣದ ಮೇಲೆಯೇ ಡಿ5ಕ್ಕೆ ಬಂದು ಕೂತರೆ ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ, ಒಂಟೆಗೆ ಒಂಟೆ ಕೊಡಲೇಬೇಕು. ಉಳಿಯೋದು ರಾಜರು ಮತ್ತು ಕಾಲಾಳುಗಳು ಮಾತ್ರ. ಆಗ ಆ ಒಂದು ಹೆಚ್ಚಿನ ಕಾಲಾಳು ಸಾಕು. ಆನೆಗಳಿದ್ದಾಗ ಅದೇ ಕಾಲಾಳಿಗೆ ಅಷ್ಟು ಬೆಲೆ ಇರಲಿಲ್ಲ, ನೋಡಿ. 58ನೇ ನಡೆಗೆ ಕಪ್ಪು ರಾಜ ಇ5, ಬಿಳಿ ರಾಜ ಇ3, ನಡುವೆ ಒಂದೇ ಮನೆ, ನಡೆಯಬೇಕಾದ ಸರದಿ ಬಿಳಿಯದ್ದು. ಯಾವ ಕಡೆ ಸರಿದರೂ ದಾರಿ ಬಿಟ್ಟುಕೊಟ್ಟಂತೆ. ಡಿಂಗ್ ಅಲ್ಲೇ ಸೋಲೊಪ್ಪಿದರು.

18 ವರ್ಷದ ಹುಡುಗ ಅಳ್ತಾ ಅಳ್ತಾ ಕಾಯಿಗಳನ್ನೆಲ್ಲ ಮೊದಲಿನ ಜಾಗಕ್ಕೆ ಜೋಡಿಸಿದ. ಅಪ್ಪ ಅದನ್ನ ನೋಡ್ತಾ ತಮ್ಮ ಬೋರ್ಡ್ ಮೇಲೂ ಜೋಡಿಸಿದರು. ಆಮೇಲೆ, "ನಿಮ್ಮವ್ವ ಇದ್ದಿದ್ರ ಚಹಾ ಮಾಡತಿದ್ಲು" ಅಂದರು. ಅಮ್ಮ ಹೋದ ಮೇಲೆ ಅವರ ಬಗ್ಗೆ ಅಪ್ಪ ತಾವಾಗಿ ಆಡಿದ ಮೊದಲ ಮಾತು ಅದು.

ಚಹಾ ನಾನೇ ಮಾಡಿದೆ. ಸಕ್ಕರೆ ಜಾಸ್ತಿ ಆಯ್ತು ಅಂದರು. ಆ ಸ್ಟಿಕಿ ನೋಟ್ ಇನ್ನೂ ಸ್ಕ್ರೀನ್ ಮೇಲಿದೆ. ಆಫೀಸ್ ಕಾಲ್‌ನಲ್ಲಿ ಅಡ್ಡ ಬರುತ್ತೆ, ತೆಗೆದಿಲ್ಲ.