ದಾರಿಯಲ್ಲಿ ಗಾಡಿ ನಿಂತಾಗ

ಕಬ್ಬಿನ ಸುಗ್ಗಿ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ರಸ್ತೆ ತುಂಬ ಟ್ರ್ಯಾಕ್ಟರ್. ನಿಮ್ಮಲ್ಲಿ ಹಲವರ ಗಂಡ, ಮಗ, ತಮ್ಮ ಅದನ್ನು ಹೊಡೆಯುತ್ತಾರೆ. ಅವರು ಮನಿ ಮುಟ್ಟೋತನಕ ನಿಮಗೆ ನಿದ್ದಿ ಇಲ್ಲ. ಹೌದಲ್ರೀ? ದಾರಿಯಲ್ಲಿ ಗಾಡಿ ಕೆಟ್ಟರೆ ಯಾರು ನೋಡ್ತಾರ? ಈ ಚಿಂತೆ ಮೋಟಾರಿನ ಜೊತೆಗೇ ಹುಟ್ಟಿತು.

1888ನೇ ಇಸವಿ. ಜರ್ಮನಿ ದೇಶದಲ್ಲಿ ಬರ್ಥಾ ಬೆಂಜ್ ಎಂಬ ಹೆಣ್ಣುಮಗಳು ಇದ್ದಳು. ಗಂಡ ಮೋಟಾರು ಗಾಡಿ ಮಾಡಿದ್ದ. ಅದು ದೂರ ಹೋಗುತ್ತದೆ ಎಂದು ಜನ ನಂಬಲಿಲ್ಲ. ಆಕೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳ ಜೊತೆ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚು ದಾರಿ! ಆಗ ಪೆಟ್ರೋಲ್ ಬಂಕ್ ಇರಲಿಲ್ಲ. ಔಷಧಿ ಅಂಗಡಿಯವರು ಎಣ್ಣೆ ಕೊಟ್ಟರು. ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವರು ತೊಗಲು ಹಚ್ಚಿಕೊಟ್ಟರು. ಎಣ್ಣೆಯ ನಳಿಗೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ತಾನೇ ಬಿಡಿಸಿದಳು. ಸಂಜೆಗೆ ತವರು ಮುಟ್ಟಿದಳು. ದಾರಿಯ ಮಂದಿ ಕೈ ಹಚ್ಚಿದ್ದಕ್ಕೇ ಇದಾಯಿತು.

ಮುಂದೆ ಮೋಟಾರುಗಳು ಹೆಚ್ಚಿದವು. 1905ರಲ್ಲಿ ಇಂಗ್ಲೆಂಡಿನ ಮೋಟಾರಿನವರು ಚಂದಾ ಕೂಡಿಸಿ ಒಂದು ಸಂಘ ಮಾಡಿದರು. ನಮ್ಮ ಮಹಿಳಾ ಸಂಘದ ಹಂಗೇ ಅನ್ರಿ. ಜೋರಾಗಿ ಗಾಡಿ ಓಡಿಸುವವರನ್ನು ಹಿಡಿಯಲು ಪೊಲೀಸರು ಮರೆಯಲ್ಲಿ ನಿಲ್ಲುತ್ತಿದ್ದರು. ಸಂಘದ ಆಳುಗಳು ಸೈಕಲ್ ಮೇಲೆ ತಿರುಗಿ ಆ ಸುದ್ದಿ ಹೇಳುತ್ತಿದ್ದರು! ಬರಬರುತ್ತ ಒಳ್ಳೆಯ ಕೆಲಸ ಬೆಳೆಯಿತು. ಕೆಟ್ಟ ಗಾಡಿ ರಿಪೇರಿ ಮಾಡಿದರು. ಊರಿನ ಹೆಸರಿನ ಬೋರ್ಡು, ಅಪಾಯದ ಬೋರ್ಡು ನೆಟ್ಟರು.

1919ರಲ್ಲಿ ಮುಂಬಯಿಯಲ್ಲಿ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಶನ್ ಎಂಬ ಸಂಘ ಹುಟ್ಟಿತು. ಆಗ ನಮ್ಮ ಬೀಳಗಿ ಮುಂಬಯಿ ಪ್ರಾಂತದಲ್ಲಿತ್ತು. ಜಮಖಂಡಿ, ಮುಧೋಳಗಳಲ್ಲಿ ರಾಜರ ಆಳಿಕೆ ಇತ್ತು. ಮೋಟಾರು ಸಿರಿವಂತರದು. ಸಂಘವೂ ಅವರದೇ.

ಈಗ ಬಡವರ ಮನೆಯಲ್ಲೂ ಗಾಡಿ ಹೊಡೆಯುವವರಿದ್ದಾರೆ. ಹಾಗಾದರೆ ನಮ್ಮವರಿಗೆ ಯಾರು?

ಒಂದು ಸುಗ್ಗಿಯಲ್ಲಿ ನನ್ನ ತಮ್ಮ ಬೈಕಿನ ಮೇಲೆ ಬರುತ್ತಿದ್ದ. ಕತ್ತಲಲ್ಲಿ ಕಬ್ಬಿನ ಟ್ರೇಲರ್ ಕೆಟ್ಟು ನಿಂತಿತ್ತು. ಹಿಂದೆ ಹೊಳೆಯುವ ಕೆಂಪು ಪಟ್ಟಿ ಇರಲಿಲ್ಲ. ಹೋಗಿ ಬಡಿದ. ಕಾಲು ಮುರಿಯಿತು. ಹೊಲದಿಂದ ಬರುತ್ತಿದ್ದ ಒಬ್ಬ ತಾಯಿ ನಿಂತು 108ಕ್ಕೆ ಫೋನ್ ಮಾಡಿಸಿದಳು. ಜೀವ ಉಳಿಯಿತು. ಆಕೆಯ ಹೆಸರೂ ನಮಗೆ ಗೊತ್ತಿಲ್ಲ.

ಗಾಯವಾದವರನ್ನು ಮುಟ್ಟಿದರೆ ಕೇಸು ಬರುತ್ತದೆಂದು ಅಂಜಬೇಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ.

ಇವತ್ತು ಮನೆಗೆ ಹೋಗಿ ಎರಡು ಕೆಲಸ ಮಾಡ್ರಿ. ಟ್ರೇಲರಿನ ಹಿಂದೆ ಕೆಂಪು ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಹಚ್ಚಿಸಿ. ಕಬ್ಬು ಜೋತುಬಿದ್ದು ಅದನ್ನು ಮುಚ್ಚಬಾರದು. ಬಾಗಿಲ ಹತ್ತಿರ ಗೋಡೆಯ ಮೇಲೆ 108 ಎಂದು ದೊಡ್ಡದಾಗಿ ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!